ತೊಂಬತ್ತರಲ್ಲಿ ನಿನಗೆಷ್ಟು, ನನಗೆಷ್ಟು?

ಸ್ಕೂಲು ಬಿಟ್ಟು ಹತ್ತು ವರ್ಷ ದಾಟಿದವರ ವಾಟ್ಸಾಪ್ ಗ್ರೂಪುಗಳಲ್ಲಿ ವರ್ಷಕ್ಕೊಂದು ಸಲವಾದರೂ ಒಂದು ಮೀಮ್ ಬಂದೇ ಬರುತ್ತೆ. "ಇವತ್ತೂ ಸೈನ್ ತೀಟಾ ಬಳಸದೇನೇ ಒಂದು ದಿನ ಕಳೀತು" ಅಂತ. ಎಲ್ಲರೂ ನಗುವ ಇಮೋಜಿ ಹಾಕ್ತಾರೆ. ತಮಾಷೆ ಏನಪ್ಪಾ ಅಂದ್ರೆ, ಆ ಮೀಮ್ ನೋಡ್ತಾ ನೀವು ಫೋನನ್ನು ಅಡ್ಡ ತಿರುಗಿಸಿದರೆ ಪರದೆಯೂ ತಿರುಗುತ್ತಲ್ಲ, ಅದು ಫೋನು ಎಷ್ಟು ಓರೆಯಾಗಿದೆ ಅಂತ ಒಳಗಿನ ಸೆನ್ಸರ್ ಹೇಳಿದ್ದರಿಂದ. ಅಂದರೆ ನಿಮ್ಮ ಪರವಾಗಿ ಇನ್ಯಾರೋ ಕೋನದ ಲೆಕ್ಕ ಮಾಡ್ತಿದ್ದಾರೆ, ಅಷ್ಟೇ.

ಸೈನ್ ತೀಟಾ ದೊಡ್ಡ ಮಾತಾಯ್ತು ಬಿಡಿ. ಈ ವಾರ ಅದಕ್ಕಿಂತ ಸಣ್ಣದೊಂದನ್ನು ಎತ್ತಿಕೊಳ್ಳೋಣ. ಏಳನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ 'ರೇಖೆಗಳು ಮತ್ತು ಕೋನಗಳು' ಅಂತ ಒಂದು ಪಾಠ ಇರುತ್ತೆ. ಅದರಲ್ಲಿ ಅರ್ಧ ಪುಟಕ್ಕೆ ಮುಗಿದುಹೋಗುವ ವಿಷಯ: ಪೂರಕ ಕೋನಗಳು. ಎರಡು ಕೋನ ಕೂಡಿಸಿದರೆ 90° ಬರಬೇಕು. ಕಥೆ ಮುಗೀತು. ಇದಕ್ಕೊಂದು ಅಂಕಣ ಬೇಕಾ ಅಂತ ಕೇಳಬಹುದು. ಬೇಕು ಅನ್ನೋದಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಮೂರು ಮೆಟ್ಟಿಲೇ ಸಾಕ್ಷಿ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಒಬ್ಬಟ್ಟು.

ಕಾಲು ಒಬ್ಬಟ್ಟು, ಇಬ್ಬರು ಮಕ್ಕಳು

ಒಂದು ದುಂಡನೆಯ ಒಬ್ಬಟ್ಟನ್ನು ನಾಲ್ಕು ಸಮಪಾಲು ಮಾಡಿ. ಒಂದೊಂದು ಪಾಲಿನ ತುದಿಯಲ್ಲೂ ಒಂದು ಲಂಬಕೋನ, ಅಂದರೆ 90°. ಈಗ ಆ ಕಾಲು ಒಬ್ಬಟ್ಟನ್ನು ಇಬ್ಬರು ಮಕ್ಕಳಿಗೆ ಹಂಚಬೇಕು. ತುದಿಯಿಂದ ಅಂಚಿನವರೆಗೆ ಒಂದೇ ಗೆರೆ ಎಳೆದು ಕತ್ತರಿಸ್ತೀರಿ. ದೊಡ್ಡವನ ತುಂಡು 50° ಆದರೆ ಚಿಕ್ಕವಳದ್ದು 40°. ದೊಡ್ಡವನಿಗೆ 10° ಹೆಚ್ಚು ಕೊಟ್ಟರೆ ಅದು ಚಿಕ್ಕವಳ ಪಾಲಿನಿಂದಲೇ ಹೋಗಬೇಕು, ಬೇರೆ ಎಲ್ಲಿಂದಲೂ ಬರೋದಿಲ್ಲ. ಪೂರಕ ಕೋನ ಅಂದರೆ ಇಷ್ಟೇ. ಒಂದನ್ನು ತುಂಬಿಸೋಕೆ ಇನ್ನೊಂದು.

ಇಲ್ಲಿ ಮೂರು ಮಾತು ನೆನಪಿಟ್ಟುಕೊಂಡರೆ ಸಾಕು.

ಒಂದು, ಎರಡೂ ಲಘುಕೋನಗಳೇ ಆಗಿರಬೇಕು. 110° ಕೋನಕ್ಕೆ ಪೂರಕ ಅಂತ ಇಲ್ಲ. ಕಾಲು ಒಬ್ಬಟ್ಟಿನಿಂದ 110° ತುಂಡು ಕತ್ತರಿಸೋಕೆ ಆಗಲ್ಲವಲ್ಲ, ಹಾಗೆ.

ಎರಡು, ಎರಡೂ ಅಕ್ಕಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಹುಬ್ಬಳ್ಳಿಯಲ್ಲಿ ಒಂದು 25° ಕೋನ, ಮೈಸೂರಿನಲ್ಲಿ ಒಂದು 65° ಕೋನ ಇದ್ದರೂ ಅವು ಪೂರಕವೇ. ಮೊತ್ತ ಮುಖ್ಯ, ಜಾಗ ಅಲ್ಲ.

ಮೂರು, ಇದು ಜೋಡಿಯ ಸಂಬಂಧ. 30, 30, 30 ಕೂಡಿಸಿದರೂ 90 ಬರುತ್ತೆ. ಆದರೆ ಆ ಮೂವರನ್ನೂ ಸೇರಿಸಿ ಪೂರಕ ಅನ್ನೋ ಪದ್ಧತಿ ಇಲ್ಲ.

ಇದರ ಪಕ್ಕದ ಮನೆಯಲ್ಲೇ ಇರೋದು ಪರಿಪೂರಕ ಕೋನ. ಅಲ್ಲಿ ಮೊತ್ತ 180°. ಪರೀಕ್ಷೆಯಲ್ಲಿ ಮಕ್ಕಳು ಗೊಂದಲ ಮಾಡಿಕೊಳ್ಳೋದು ಈ ಎರಡರ ನಡುವೆಯೇ. ಉದ್ದ ಹೆಸರಿಗೆ ದೊಡ್ಡ ಸಂಖ್ಯೆ ಅಂತ ಹೇಳಿಕೊಡಿ, ಮರೆಯಲ್ಲ. ಇನ್ನೊಂದು ಚಂದದ ವಿಷಯ ಗಮನಿಸಿ. ಯಾವುದೇ ಲಘುಕೋನ ತಗೊಳ್ಳಿ, ಅದರ ಪರಿಪೂರಕ ಅದರ ಪೂರಕಕ್ಕಿಂತ ಯಾವಾಗಲೂ ಸರಿಯಾಗಿ 90° ಹೆಚ್ಚು. 40ಕ್ಕೆ ಪೂರಕ 50, ಪರಿಪೂರಕ 140. 12ಕ್ಕೆ 78 ಮತ್ತು 168. ಒಂದರಲ್ಲಿ 90ರಿಂದ ಕಳೀತೀವಿ, ಇನ್ನೊಂದರಲ್ಲಿ 180ರಿಂದ. ವ್ಯತ್ಯಾಸ 90 ಬರದೆ ಎಲ್ಲಿಗೆ ಹೋಗುತ್ತೆ?

ಅಳತೆ ಕಂಡುಹಿಡಿಯೋದು

ಪುಸ್ತಕದಲ್ಲಿ ಹತ್ತಾರು ಲೆಕ್ಕ ಇದ್ದರೂ ಬರೋ ಪ್ರಶ್ನೆಗಳು ನಾಲ್ಕೈದು ಬಗೆಯವು ಮಾತ್ರ.

ನೇರ ಪ್ರಶ್ನೆ: 38°ಯ ಪೂರಕ ಎಷ್ಟು? 90ರಿಂದ 38 ಕಳೆದರೆ 52. ಇದರದ್ದೇ ಸ್ವಲ್ಪ ಗತ್ತಿನ ರೂಪ: 27 ಡಿಗ್ರಿ 40 ನಿಮಿಷದ ಪೂರಕ ಎಷ್ಟು? ಒಂದು ಡಿಗ್ರಿಗೆ 60 ನಿಮಿಷ. ಹಾಗಾಗಿ 90 ಡಿಗ್ರಿಯನ್ನು 89 ಡಿಗ್ರಿ 60 ನಿಮಿಷ ಅಂತ ಚಿಲ್ಲರೆ ಮಾಡಿಸಿಕೊಂಡು ಕಳೀಬೇಕು. ಉತ್ತರ 62 ಡಿಗ್ರಿ 20 ನಿಮಿಷ. ಗಂಟೆ-ನಿಮಿಷದ ಲೆಕ್ಕ ಬರುವವರಿಗೆ ಇದೂ ಬರುತ್ತೆ.

ಪಾಲಿನ ಪ್ರಶ್ನೆ: ಎರಡು ಪೂರಕ ಕೋನಗಳು 2:3 ಅನುಪಾತದಲ್ಲಿವೆ. ಒಟ್ಟು 5 ಪಾಲು. 90 ಭಾಗಿಸು 5 ಅಂದರೆ ಪಾಲಿಗೆ 18. ಹಾಗಾದರೆ ಕೋನಗಳು 36 ಮತ್ತು 54. ಒಂದು ಇನ್ನೊಂದರ ಎರಡರಷ್ಟು ಅಂದರೆ 3 ಪಾಲು, 30 ಮತ್ತು 60. ಮೂರರಷ್ಟು ಅಂದರೆ 4 ಪಾಲು, 22.5 ಮತ್ತು 67.5. ಸಮ ಅಂದರೆ 45 ಮತ್ತು 45.

ಎಕ್ಸ್ ಇರೋ ಪ್ರಶ್ನೆ: ಒಂದು ಕೋನ 2ಎಕ್ಸ್ + 10, ಇನ್ನೊಂದು 3ಎಕ್ಸ್ − 5. ಕೂಡಿಸಿದರೆ 5ಎಕ್ಸ್ + 5, ಅದು 90ಕ್ಕೆ ಸಮ. ಎಕ್ಸ್ 17. ಇಲ್ಲೇ ಬಹಳ ಮಕ್ಕಳು ಪೆನ್ನು ಕೆಳಗಿಡ್ತಾರೆ. ಆದರೆ ಕೇಳಿದ್ದು ಕೋನದ ಅಳತೆ, ಎಕ್ಸ್ ಅಲ್ಲ. 17 ಹಾಕಿ ನೋಡಿದರೆ ಕೋನಗಳು 44 ಮತ್ತು 46. ಕೂಡಿಸಿ, 90 ಬಂತು. ನಾವು ಆಫೀಸಿನಲ್ಲಿ ಟೆಸ್ಟ್ ಕೇಸ್ ಅಂತ ಕರೆಯೋದು ಇದನ್ನೇ. ಗಣಿತದಲ್ಲಿ ಇಷ್ಟು ಅಗ್ಗದ ಟೆಸ್ಟ್ ಕೇಸ್ ಇನ್ನೆಲ್ಲೂ ಸಿಗಲ್ಲ, ಒಂದೇ ಕೂಡಿಸುವ ಲೆಕ್ಕ.

ಇನ್ನೊಂದು ಬಗೆ ಉಳೀತು, ವ್ಯತ್ಯಾಸದ ಪ್ರಶ್ನೆ. ಎರಡು ಪೂರಕ ಕೋನಗಳ ವ್ಯತ್ಯಾಸ 20°. ಅವು ಯಾವುವು? ಹಾಸನದಲ್ಲಿರೋ ಅಕ್ಕನ ಮಗಳು ವಿಡಿಯೋ ಕಾಲ್‌ನಲ್ಲಿ ಇದನ್ನು ಮಾಡಿ ತೋರಿಸಿದ ರೀತಿ ನನಗೆ ಬಹಳ ಇಷ್ಟವಾಯ್ತು.

"ಮಾವ, ಮೊದ್ಲು ಆ ಜಾಸ್ತಿ ಇರೋ 20ನ ಪಕ್ಕಕ್ಕೆ ಇಟ್ಬಿಡ್ತೀನಿ."

"ಇಟ್ಟೆ. ಆಮೇಲೆ?"

"ಉಳಿದಿದ್ದು 70. ಇಬ್ರಿಗೂ ಸಮ ಹಂಚ್ತೀನಿ, 35, 35. ಈಗ ಆ 20ನ ದೊಡ್ಡೋರಿಗೆ ವಾಪಸ್ ಕೊಡ್ತೀನಿ. 55."

"ಎಕ್ಸ್ ಎಲ್ಲಮ್ಮ?"

"ಎಕ್ಸ್ ಯಾಕೆ ಬೇಕು?"

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಲಾಸಿನಲ್ಲಿ ಮಾತ್ರ 'ಸ್ಟೆಪ್ಸ್ ಇಲ್ಲ' ಅಂತ ಅರ್ಧ ಮಾರ್ಕ್ಸು ಕಟ್ ಆಗಿದೆಯಂತೆ. ಅವಳು ಬರೆದದ್ದೂ ಸ್ಟೆಪ್ಸೇ. ಸಮೀಕರಣದ ವೇಷದಲ್ಲಿ ಇರಲಿಲ್ಲ, ಅಷ್ಟೇ. ಇನ್ನೂ ಹೇಳಬೇಕೆಂದರೆ ಈ ದಾರಿಗೆ ಒಳ್ಳೆಯ ಮನೆತನ ಇದೆ. ಎರಡು ಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸ ಗೊತ್ತಿದ್ದಾಗ ಅವನ್ನು ಕಂಡುಹಿಡಿಯುವ ಕ್ರಮವನ್ನು ಭಾಸ್ಕರಾಚಾರ್ಯ 1150ರ ಲೀಲಾವತಿಯಲ್ಲಿ ಕೊಟ್ಟಿದ್ದಾರೆ. ಅದರ ಹೆಸರು ಸಂಕ್ರಮಣ. ಮೊತ್ತಕ್ಕೆ ವ್ಯತ್ಯಾಸ ಕೂಡಿಸಿ ಅರ್ಧ ಮಾಡಿದರೆ ದೊಡ್ಡದು, ಕಳೆದು ಅರ್ಧ ಮಾಡಿದರೆ ಚಿಕ್ಕದು. ಅಲ್ಲಿನ ಉದಾಹರಣೆಯಲ್ಲಿ ಮೊತ್ತ 101, ವ್ಯತ್ಯಾಸ 25. ಉತ್ತರ 63 ಮತ್ತು 38. ಪೂರಕ ಕೋನದಲ್ಲಿ ಮೊತ್ತ ಯಾವಾಗಲೂ 90 ಆದ್ದರಿಂದ ಇನ್ನೂ ಸುಲಭ: ವ್ಯತ್ಯಾಸದ ಅರ್ಧವನ್ನು 45ಕ್ಕೆ ಒಂದು ಸಲ ಕೂಡಿಸಿ, ಒಂದು ಸಲ ಕಳೆಯಿರಿ. ವ್ಯತ್ಯಾಸ 20 ಅಂದರೆ 55 ಮತ್ತು 35. ಬಾಯಲ್ಲೇ ಹೇಳಬಹುದು.

ಮೇಸ್ತ್ರಿಯ ದಾರ

ಪೂರಕ ಕೋನಗಳು ಯಾರೋ ಕೂತು ಹೆಸರಿಟ್ಟ ಜೋಡಿ ಮಾತ್ರ ಆಗಿದ್ದರೆ ಇಷ್ಟೆಲ್ಲ ಹೇಳಬೇಕಾಗಿರಲಿಲ್ಲ. ಅವು ಪ್ರತಿಯೊಂದು ಲಂಬಕೋನ ತ್ರಿಭುಜದಲ್ಲೂ ಕೂತಿವೆ. ತ್ರಿಭುಜದ ಮೂರು ಕೋನಗಳ ಮೊತ್ತ 180. ಅದರಲ್ಲಿ 90ನ್ನು ಒಬ್ಬನೇ ತಗೊಂಡರೆ ಉಳಿದ 90 ಮಿಕ್ಕ ಇಬ್ಬರಿಗೆ. ಹಾಗಾಗಿ ಆ ಇಬ್ಬರು ಪೂರಕ ಆಗಲೇಬೇಕು. ಜಾಮಿಟ್ರಿ ಬಾಕ್ಸಿನಲ್ಲಿ ವರ್ಷವೆಲ್ಲ ಯಾರೂ ಮುಟ್ಟದ ಎರಡು ಪ್ಲಾಸ್ಟಿಕ್ ತ್ರಿಕೋನಗಳಿದ್ದವಲ್ಲ, ಒಂದರಲ್ಲಿ 45-45, ಇನ್ನೊಂದರಲ್ಲಿ 30-60. ಎರಡೂ ಇದೇ ಕುಟುಂಬದವು.

ಮನೆ ಕಟ್ಟೋ ಜಾಗದಲ್ಲಿ ನಿಂತು ನೋಡಿ. ಮೂಲೆ ಸರಿಯಾಗಿದೆಯಾ ಅಂತ ನೋಡೋಕೆ ಮೇಸ್ತ್ರಿ ಒಂದು ಬದಿ 3 ಅಡಿ, ಇನ್ನೊಂದು ಬದಿ 4 ಅಡಿ ಗುರುತು ಹಾಕಿ, ಎರಡರ ನಡುವೆ ದಾರ ಎಳೀತಾರೆ. ದಾರ 5 ಅಡಿ ಬಂದರೆ ಮೂಲೆ ಸರಿ. ಆ ತ್ರಿಭುಜದ ಉಳಿದ ಎರಡು ಕೋನ ಹೆಚ್ಚುಕಡಿಮೆ 37° ಮತ್ತು 53°. ಸಿಇಟಿಗೆ ಫಿಸಿಕ್ಸ್ ಓದಿದವರಿಗೆ ಈ 37-53 ಜೋಡಿ ನಿದ್ದೆಯಲ್ಲೂ ನೆನಪಿರುತ್ತೆ. ಇಳಿಜಾರಿನ ಲೆಕ್ಕ ಬಂದರೆ ಅದೇ ಎರಡು ಸಂಖ್ಯೆ. ಅದು ಬಂದದ್ದು ಮೇಸ್ತ್ರಿಯ ದಾರದ ತ್ರಿಕೋನದಿಂದಲೇ ಅಂತ ಎಷ್ಟು ಕೋಚಿಂಗ್ ಕ್ಲಾಸಿನಲ್ಲಿ ಹೇಳಿಕೊಡ್ತಾರೋ!

ಗೋಡೆಗೆ ಏಣಿ ಒರಗಿಸಿದಾಗಲೂ ಇದೇ ತ್ರಿಭುಜ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ ಅನ್ನೋದು ಏಣಿಯ ಸುರಕ್ಷತೆಯ ನಿಯಮ. ತುದಿ 12 ಅಡಿ ಮೇಲೆ ತಾಗಿದರೆ ಬುಡ ಗೋಡೆಯಿಂದ 3 ಅಡಿ ಆಚೆ ಇರಬೇಕು. ಆಗ ನೆಲದ ಜೊತೆ ಕೋನ ಸುಮಾರು 76°, ಗೋಡೆಯ ಜೊತೆ 14°. ಇದರಲ್ಲಿ ಯಾವುದನ್ನು 'ಏಣಿಯ ಕೋನ' ಅನ್ನಬೇಕು? ಇಬ್ಬರು ಎರಡು ಸಂಖ್ಯೆ ಹೇಳಿದರೂ ಇಬ್ಬರೂ ಸರಿ ಇರಬಹುದು. ತೊಂದರೆ ಶುರುವಾಗೋದು ಇಲ್ಲೇ.

ಮೂರು ಮೆಟ್ಟಿಲಿನ ಕಥೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ. ಆದರೆ ಪಾರ್ಕಿಂಗಿನಿಂದ ಲಿಫ್ಟಿನ ಬಾಗಿಲಿಗೆ ಹೋಗೋಕೆ ಮೂರು ಮೆಟ್ಟಿಲು ಹತ್ತಬೇಕು. ಒಂದೊಂದು ಆರು ಇಂಚು, ಒಟ್ಟು 18 ಇಂಚು. ನಡೆಯುವವರಿಗೆ ಅವು ಕಣ್ಣಿಗೂ ಬೀಳಲ್ಲ. ಮೂರನೇ ಮಹಡಿಯ ಅಜ್ಜಿಗೆ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವೀಲ್‌ಚೇರಿನಲ್ಲಿ ವಾಪಸ್ ಬಂದ ಮೇಲೆ ಆ ಮೂರು ಮೆಟ್ಟಿಲು ಎಲ್ಲರಿಗೂ ಕಂಡವು. ಮೊದಲ ವಾರ ಸೆಕ್ಯುರಿಟಿ ಹುಡುಗರಿಬ್ಬರು ಕುರ್ಚಿ ಸಮೇತ ಎತ್ತಿ ಇಳಿಸ್ತಿದ್ದರು. ಆಮೇಲೆ ಅಜ್ಜಿ ಕೆಳಗೆ ಬರೋದನ್ನೇ ನಿಲ್ಲಿಸಿಬಿಟ್ಟರು. "ಸುಮ್ನೆ ಅವ್ರಿಗೆಲ್ಲ ಯಾಕಪ್ಪ ತೊಂದ್ರೆ" ಅಂತ. ಸಂಜೆ ಹೊಂಗೆ ಮರದ ಕೆಳಗಿನ ಬೆಂಚಿನ ಹತ್ತಿರ ಕೂತು ಬಂದುಹೋಗುವವರನ್ನೆಲ್ಲ ಮಾತಾಡಿಸ್ತಿದ್ದವರು, ಬಾಲ್ಕನಿಗೆ ಸೀಮಿತವಾದರು.

ರ‍್ಯಾಂಪ್ ಹಾಕಿಸೋಣ ಅಂತ ತೀರ್ಮಾನ ಆಯ್ತು. ಬಂದ ಕಂಟ್ರಾಕ್ಟರ್ ಜಾಗ ನೋಡಿ, ಮೆಟ್ಟಿಲ ಮುಂದೆ ನಾಲ್ಕು ಅಡಿ ಸಿಗುತ್ತೆ, ಅಷ್ಟರಲ್ಲೇ ಮಾಡಿಕೊಡ್ತೀನಿ, "70 ಡಿಗ್ರಿ ಬರುತ್ತೆ ಸರ್" ಅಂದರು. ಈ ಮಾತು ಗ್ರೂಪಿಗೆ ಬಿದ್ದ ಕೂಡಲೇ ಗಲಾಟೆ. "70 ಡಿಗ್ರಿನಾ? ರ‍್ಯಾಂಪ್ ಹಾಕ್ತಿದ್ದೀರೋ ಗೋಡೆ ಕಟ್ತಿದ್ದೀರೋ?" ಅಂತ ಒಬ್ಬರು. ಕಂಟ್ರಾಕ್ಟರಿಗೆ ಬೇಜಾರಾಯ್ತು. ಅವರು ಅಳೆದದ್ದು ನಿಂತ ಗೋಡೆಯಿಂದ. ಗೋಡೆಯಿಂದ 70 ಅಂದರೆ ನೆಲದಿಂದ 20. ಅವರ ಲೆಕ್ಕ ಸರಿಯಾಗೇ ಇತ್ತು.

ಗ್ರೂಪು ತಣ್ಣಗಾಯ್ತು. "ಓ, 20 ಡಿಗ್ರಿನಾ, ಹಾಗಾದ್ರೆ ಓಕೆ" ಅಂತ ಹೆಬ್ಬೆರಳಿನ ಇಮೋಜಿಗಳು ಬಂದವು. ನಿಜವಾದ ಸಮಸ್ಯೆ ಇದ್ದದ್ದು ಆ ಓಕೆಯಲ್ಲಿ.

ವೀಲ್‌ಚೇರ್ ರ‍್ಯಾಂಪಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. ಒಂದು ಅಡಿ ಏರೋಕೆ ಕನಿಷ್ಠ 12 ಅಡಿ ಉದ್ದ ಬೇಕು, ಅಂದರೆ 1:12. ಅದನ್ನು ಕೋನಕ್ಕೆ ತಿರುಗಿಸಿದರೆ ನೆಲದಿಂದ 5°ಗಿಂತ ಸ್ವಲ್ಪ ಕಡಿಮೆ. ಗೋಡೆಯಿಂದ ಅಳೆದರೆ 85°. ನಾನು ಮೀಟಿಂಗಿಗೆ ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಂಡು ಹೋಗಿದ್ದೆ. ಕಂಟ್ರಾಕ್ಟರ್ ನೋಡಿ, "85 ಬೇಕಾ? ನಂದು 70. ಬೇಕಾದ್ರೆ 75 ಮಾಡ್ಕೊಡ್ತೀನಿ. ಹತ್ತು ಡಿಗ್ರಿಗೆಲ್ಲ ಏನಾಗುತ್ತೆ ಸರ್?" ಅಂದರು.

ಅವರು ನಿಂತ ಕಡೆಯಿಂದ ನೋಡಿದರೆ ಮಾತು ಸರಿಯಾಗೇ ಕೇಳಿಸುತ್ತೆ. 70 ಮತ್ತು 85, ಏನು ಮಹಾ ವ್ಯತ್ಯಾಸ? ಐದರಲ್ಲಿ ಒಂದು ಪಾಲು. ಆದರೆ ಕುರ್ಚಿ ತಳ್ಳುವವರಿಗೆ ಲೆಕ್ಕಕ್ಕೆ ಬರೋದು ಪೂರಕ ಕೋನ. ಅಲ್ಲಿ ಅದು 20 ಮತ್ತು 5. ನಾಲ್ಕು ಪಟ್ಟು!

ಸಂಖ್ಯೆ ಹಾಕಿ ನೋಡೋಣ. ಅಜ್ಜಿ ಮತ್ತು ಕುರ್ಚಿ ಸೇರಿ 70 ಕೆಜಿ ಅಂತಿಟ್ಟುಕೊಳ್ಳಿ. ಘರ್ಷಣೆ ಬಿಟ್ಟುಬಿಡಿ. ಇಳಿಜಾರಿನಲ್ಲಿ ಕುರ್ಚಿ ಹಿಂದಕ್ಕೆ ಜಾರದಂತೆ ಹಿಡಿಯೋಕೆ ಬೇಕಾದ ಬಲ, ತೂಕ ಗುಣಿಸು ಇಳಿಜಾರಿನ ಕೋನದ ಸೈನ್.

ನೆಲದಿಂದ 20° ಇದ್ದರೆ: ಸುಮಾರು 24 ಕೆಜಿ ಭಾರ, ಜಾಗ 4 ಅಡಿ.

15° ಇದ್ದರೆ: 18 ಕೆಜಿ, ಜಾಗ ಐದೂವರೆ ಅಡಿ.

10° ಇದ್ದರೆ: 12 ಕೆಜಿ, ಜಾಗ ಎಂಟೂವರೆ ಅಡಿ.

5° ಇದ್ದರೆ: 6 ಕೆಜಿ, ಜಾಗ 17 ಅಡಿ.

ನಾಲ್ಕು ಅಡಿಯ ರ‍್ಯಾಂಪಿನಲ್ಲಿ ಅಜ್ಜಿಯನ್ನು ಮೇಲೆ ತಳ್ಳೋದು ಅಂದರೆ 25 ಕೆಜಿಯ ಅಕ್ಕಿ ಮೂಟೆಯನ್ನು ಎತ್ತಿ ಹಿಡಿದ ಹಾಗೆ. ಅವರನ್ನು ನೋಡಿಕೊಳ್ಳುವ ಹುಡುಗಿಯ ತೂಕವೇ 45 ಕೆಜಿ ಇರಬಹುದೇನೋ. ಇಳಿಸುವಾಗ ಇನ್ನೂ ಕಷ್ಟ. ಅದೇ ಅಕ್ಕಿ ಮೂಟೆ ಈಗ ಅವಳನ್ನು ಎಳೀತಿರುತ್ತೆ, ಕೈ ಜಾರಿದರೆ ಕುರ್ಚಿ ನೇರ ಪಾರ್ಕಿಂಗಿನೊಳಗೆ. ಮೂರು ಮೆಟ್ಟಿಲಿಗಿಂತ ಅಪಾಯದ್ದನ್ನು ದುಡ್ಡು ಕೊಟ್ಟು ಕಟ್ಟಿಸಿದ ಹಾಗೆ ಆಗ್ತಿತ್ತು.

ಕೊನೆಗೆ 18 ಇಂಚಿಗೆ 18 ಅಡಿ ಬೇಕೇ ಬೇಕು ಅಂತ ಒಪ್ಪಿಗೆ ಆಯ್ತು. ಅಷ್ಟು ಉದ್ದ ಒಂದೇ ನೇರಕ್ಕೆ ಸಿಗಲಿಲ್ಲ. ಹಾಗಾಗಿ ಒಂಬತ್ತು ಅಡಿ ಏರು, ನಡುವೆ ಐದು ಅಡಿ ಸಮತಟ್ಟು, ಅಲ್ಲಿ ತಿರುಗಿ ಇನ್ನೊಂದು ಒಂಬತ್ತು ಅಡಿ. ಇದಕ್ಕೆ ಟೂವೀಲರ್ ನಿಲ್ಲಿಸೋ ಜಾಗ ಹೋಗಬೇಕಿತ್ತು. ಡಿಗ್ರಿ ಬಗ್ಗೆ ಆದ ಜಗಳಕ್ಕಿಂತ ದೊಡ್ಡ ಜಗಳ ಅದರ ಬಗ್ಗೆ ಆಯ್ತು, ಮೂರು ಮೀಟಿಂಗ್ ಹಿಡೀತು. ಕೆಲಸ ಶುರುವಾದ ಮೇಲೆ ಮಾತ್ರ ಅದೇ ಕಂಟ್ರಾಕ್ಟರ್ ಮಟ್ಟಗೋಲು ಇಟ್ಟು ಇಟ್ಟು ನೋಡಿ, ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಕ್ಯೂರಿಂಗ್ ಮುಗಿದ ದಿನ ಸಂಜೆ ಆ ಹುಡುಗಿ ಒಬ್ಬಳೇ ಕುರ್ಚಿ ತಳ್ಳಿಕೊಂಡು ಬಂದಳು. ಅಜ್ಜಿ ಹೊಂಗೆ ಮರದ ಹತ್ತಿರ ಬಂದು ಮೊದಲು ಕೇಳಿದ್ದು, ಬೆಂಚಿಗೆ ಬಣ್ಣ ಯಾರು ಹೊಡೆಸಿದ್ದು, ಈ ಹಸಿರು ಚೆನ್ನಾಗಿಲ್ಲ ಅಂತ.

ಕೊಸೈನಿನ 'ಕೊ' ಎಲ್ಲಿಂದ ಬಂತು?

ಮೇಲೆ ನಾನು ಇಳಿಜಾರಿನ ಕೋನದ ಸೈನ್ ಅಂದೆ. ಕಂಟ್ರಾಕ್ಟರ್ ಅವರ 70° ಹಿಡಿದುಕೊಂಡು ಲೆಕ್ಕ ಮಾಡಿದ್ದರೆ? ಆಗ ಕೊಸೈನ್ ಹಾಕಬೇಕು, ಅಷ್ಟೇ. 20°ಯ ಸೈನ್, 70°ಯ ಕೊಸೈನ್, ಎರಡೂ ಒಂದೇ ಸಂಖ್ಯೆ. ಹತ್ತನೇ ಕ್ಲಾಸಿನಲ್ಲಿ ಸೈನ್ 18 ಭಾಗಿಸು ಕಾಸ್ 72 ಎಷ್ಟು ಅಂತ ಕೇಳಿ, ಕ್ಯಾಲ್ಕುಲೇಟರ್ ಇಲ್ಲದೆ 1 ಅಂತ ಬರೆಸೋದು ಇದೇ ಆಧಾರದ ಮೇಲೆ.

ಇದು ಕಾಕತಾಳೀಯ ಅಲ್ಲ, ಹೆಸರಲ್ಲೇ ಇದೆ. ನಮ್ಮ ಹಳೆಯ ಜ್ಯೋತಿರ್ಗಣಿತದಲ್ಲಿ ವೃತ್ತದ ಕಂಸವನ್ನು ಬಿಲ್ಲಿಗೆ ಹೋಲಿಸಿ ಚಾಪ ಅಂದರು, ಅದರ ಹೆದೆಯನ್ನು ಜ್ಯಾ ಅಂದರು. 90ಕ್ಕೆ ಉಳಿದ ಭಾಗ ಕೋಟಿ. ಆ ಉಳಿದ ಭಾಗದ ಜ್ಯಾ ಅಂದರೆ ಕೋಟಿಜ್ಯಾ. ಈ ಜ್ಯಾ ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್ನಿಗೆ ಹೋಗುವಷ್ಟರಲ್ಲಿ ಉಚ್ಚಾರಣೆ, ಅರ್ಥ ಎರಡೂ ಬದಲಾಗಿ ಸೈನಸ್ ಆಯ್ತು. 1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ 'ಪೂರಕದ ಸೈನ್' ಅನ್ನೋದನ್ನು ಚಿಕ್ಕದು ಮಾಡಿ ಕೊ-ಸೈನಸ್ ಅಂತ ಬರೆದರು. ಅಂದರೆ ಕೊಸೈನ್ ಬೇರೆ ಯಾರೋ ಅಲ್ಲ, ಪಕ್ಕದ ಕೋನದ ಸೈನ್. ಹನ್ನೆರಡು ವರ್ಷ ಗಣಿತ ಓದಿದರೂ ಈ ಮಾತನ್ನು ಯಾರೂ ಹೇಳಿರುವುದಿಲ್ಲ ಅನ್ನೋದು ಬೇಸರ.

ಪ್ರೋಗ್ರಾಮ್ ಬರೆಯುವವರು ಇನ್ನೊಂದನ್ನು ಮೆಚ್ಚಬೇಕು. 499ರ ಆರ್ಯಭಟೀಯದಲ್ಲಿ 90 ಡಿಗ್ರಿಯನ್ನು 24 ಭಾಗ ಮಾಡಿದ್ದಾರೆ, ಭಾಗಕ್ಕೆ 3 ಡಿಗ್ರಿ 45 ನಿಮಿಷ. 24 ಸಂಖ್ಯೆ ಕೊಟ್ಟಿದ್ದಾರೆ, ಕೂಡಿಸುತ್ತ ಹೋದರೆ ಜ್ಯಾ ಕೋಷ್ಟಕ ಸಿಗುತ್ತೆ. ಕೋಟಿಜ್ಯಾಗೆ ಬೇರೆ ಕೋಷ್ಟಕ ಬೇಡ. 8ನೇ ಸಾಲು ಅಂದರೆ 30°. ಅದರ ಕೋಟಿಜ್ಯಾ ಬೇಕಾ? 24ರಿಂದ 8 ಕಳೆದು 16ನೇ ಸಾಲು ನೋಡಿ, ಅದು 60°. ಒಂದೇ ಅರೇ, ಹಿಂದಿನಿಂದ ಓದಿದರೆ ಇನ್ನೊಂದು. ಮೆಮೊರಿ ಉಳಿತಾಯ ನಾವು ಕಂಡುಹಿಡಿದದ್ದೇನಲ್ಲ.

ಸೂರ್ಯ, ಸೋಲಾರ್, ಮ್ಯಾಪು

ಬೆಂಗಳೂರು ಸಮಭಾಜಕದಿಂದ ಉತ್ತರಕ್ಕೆ ಸುಮಾರು 13°ಯಲ್ಲಿದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು-ರಾತ್ರಿ ಸಮ ಇರುವ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ಎಷ್ಟು ಎತ್ತರದಲ್ಲಿರುತ್ತೆ? 13ರ ಪೂರಕ, 77°. ಡಿಸೆಂಬರಿನ ಅತಿ ಚಿಕ್ಕ ಹಗಲಿನಲ್ಲಿ ಸೂರ್ಯ ಇನ್ನೂ 23.5° ದಕ್ಷಿಣಕ್ಕೆ ಸರಿದಿರುತ್ತೆ. 13 ಮತ್ತು 23.5 ಕೂಡಿಸಿದರೆ 36.5, ಅದರ ಪೂರಕ 53.5°. ಚಳಿಗಾಲದಲ್ಲಿ ದಕ್ಷಿಣದ ಬಾಲ್ಕನಿಯೊಳಕ್ಕೆ ಬಿಸಿಲು ಅಷ್ಟು ದೂರ ಬರೋದು ಇದಕ್ಕೇ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ 90°ಗೆ ಬರುತ್ತೆ. ಪೂರಕ ಸೊನ್ನೆ, ನಿಂತ ಕಂಬಕ್ಕೆ ನೆರಳೂ ಸೊನ್ನೆ. ಶೂನ್ಯ ನೆರಳಿನ ದಿನ ಅಂತ ಫೋಟೋ ಹಾಕ್ತೀರಲ್ಲ, ಅದೇ.

ಸೋಲಾರ್ ಪ್ಯಾನೆಲ್ ಹಾಕಿಸುವವರು 'ಎಷ್ಟು ಡಿಗ್ರಿ ಓರೆ' ಅಂತ ಕೇಳೋದು ನೆಲದಿಂದ. ಬಿಸಿಲು ಪ್ಯಾನೆಲ್ಲಿಗೆ ನೇರ ಬೀಳಬೇಕಾದರೆ ಆ ಓರೆ ಸೂರ್ಯನ ಎತ್ತರಕ್ಕೆ ಪೂರಕ ಆಗಿರಬೇಕು. ಸೂರ್ಯ 77ರಲ್ಲಿದ್ದರೆ ಪ್ಯಾನೆಲ್ 13. ಅದಕ್ಕೇ ವರ್ಷವಿಡೀ ಒಂದೇ ಕಡೆ ನಿಲ್ಲುವ ಪ್ಯಾನೆಲ್ಲಿಗೆ ಊರಿನ ಅಕ್ಷಾಂಶದ ಆಸುಪಾಸಿನ ಓರೆ ಕೊಟ್ಟು, ದಕ್ಷಿಣಕ್ಕೆ ಮುಖ ಮಾಡಿಸ್ತಾರೆ.

ಮ್ಯಾಪ್ ಆ್ಯಪ್‌ಗಳಿಗೆ ಕೋಡ್ ಬರೆಯುವವರಿಗೆ ದಿನಾ ಸಿಗೋ ಪೂರಕ ಇನ್ನೊಂದಿದೆ. ದಿಕ್ಸೂಚಿ ಕೋನವನ್ನು ಉತ್ತರದಿಂದ ಬಲಕ್ಕೆ ಎಣಿಸುತ್ತೆ. ಗ್ರಾಫ್ ಹಾಳೆಯ ಗಣಿತ ಪೂರ್ವದಿಂದ ಎಡಕ್ಕೆ ಎಣಿಸುತ್ತೆ. ಉತ್ತರ ಮತ್ತು ಪೂರ್ವದ ನಡುವೆ ಇರುವುದು ಒಂದು ಕಾಲು ಒಬ್ಬಟ್ಟು. ದಿಕ್ಸೂಚಿ 30 ಅಂದರೆ ಗಣಿತ 60 ಅನ್ನುತ್ತೆ. ನೀವು ಯಾವುದೇ ಮ್ಯಾಪಿನ ಕೋಡ್ ತೆರೆದರೂ ಎಲ್ಲೋ ಒಂದು ಕಡೆ '90 − ಕೋನ' ಅನ್ನೋ ಸಾಲು ಕಾಣೋ ಸಾಧ್ಯತೆ ಇದೆ. ಕಂಡಾಗ ಅಳಿಸಬೇಡಿ.

ಇಷ್ಟರಲ್ಲಿ ಉಳಿಸಿಕೊಳ್ಳಬೇಕಾದ್ದು ಒಂದೇ ಅಭ್ಯಾಸ. ಯಾರಾದರೂ ಡಿಗ್ರಿ ಹೇಳಿದರೆ, ಅದು ಕಂಟ್ರಾಕ್ಟರ್ ಇರಲಿ, ಸೋಲಾರಿನವರಿರಲಿ, ಮೊದಲು "ಎಲ್ಲಿಂದ ಅಳೆದದ್ದು?" ಅಂತ ಕೇಳಿ. ನೆಲದಿಂದಲೋ ಗೋಡೆಯಿಂದಲೋ ಗೊತ್ತಾದರೆ ಇನ್ನೊಂದು ತಾನೇ ಗೊತ್ತಾಗುತ್ತೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಒಂದು ಕಡೆ ಚಿಲ್ಲರೆಯಂತೆ ಕಾಣೋ ವ್ಯತ್ಯಾಸ ಇನ್ನೊಂದು ಕಡೆ ನಾಲ್ಕು ಪಟ್ಟು ಆಗಿರಬಹುದು.

ಈ ವಾರಾಂತ್ಯಕ್ಕೆ ಎರಡು ಕೆಲಸ. ನಿಮ್ಮ ಬಿಲ್ಡಿಂಗಿನಲ್ಲಿ ಅಥವಾ ಹತ್ತಿರದ ಬ್ಯಾಂಕಿನಲ್ಲಿ ರ‍್ಯಾಂಪ್ ಇದ್ದರೆ ಫೋನಿನಲ್ಲಿ ಲೆವೆಲ್ ಆ್ಯಪ್ ತೆರೆದು ಅದರ ಮೇಲೆ ಮಲಗಿಸಿ. 5ರ ಒಳಗೆ ಬಂತಾ, 15 ಬಂತಾ, ಕಾಮೆಂಟಿನಲ್ಲಿ ಬರೀರಿ. ಎರಡನೆಯದು ಮನೆಯ ಮಕ್ಕಳಿಗೆ: ಒಂದು ಕೋನದ ಪರಿಪೂರಕ, ಅದರ ಪೂರಕದ ಮೂರರಷ್ಟಿದೆ. ಆ ಕೋನ ಯಾವುದು? ಎಕ್ಸ್ ಬೇಕಾದರೆ ಬಳಸಲಿ, ಬೇಡದಿದ್ದರೆ ಬೇಡ. ಪರಿಪೂರಕ ಯಾವಾಗಲೂ ಪೂರಕಕ್ಕಿಂತ 90 ಹೆಚ್ಚು ಅಂತ ಆಗಲೇ ನೋಡಿದ್ದೀವಲ್ಲ, ಅದೊಂದು ಸುಳಿವು ಸಾಕು. ಉತ್ತರ ಮುಂದಿನ ವಾರ.